ನೇಪಾಳದಲ್ಲಿ ನಾಲ್ಕು ವಾರ ಪಾಠ ಮಾಡಿ ಬಂದೆ. ಇನ್ನು ಊರೂರು ಸುತ್ತುತ್ತಾ ಕಲಿಸುವುದಾ, ಇಲ್ಲೇ ಇರುವುದಾ?

ಮಲ್ಲಿಗೆ ಅಟ್ಟೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರದವಳು, ಮನೆಯಲ್ಲಿ ಮಲ್ಲಿಗೆ ಬೆಳೆಯುತ್ತೇವೆ. ಮಂಗಳೂರಲ್ಲಿ ಬಿ.ಎಡ್. ಎರಡನೇ ವರ್ಷ, ವಿಷಯ ಗಣಿತ ಮತ್ತು ಭೌತಶಾಸ್ತ್ರ. 2025ರ ಜೂನ್ ಎರಡನೇ ವಾರ ಪೋಖರಾಕ್ಕೆ ಹೋಗಿ ಒಂದು ಶಾಲೆಯಲ್ಲಿ ನಾಲ್ಕು ವಾರ ಪಾಠ ಮಾಡಿ ಬಂದೆ. ಕಾಲೇಜಿನ ಮೇಡಂ ಒಬ್ಬರಿಗೆ ಆ ಶಾಲೆಯ ಪರಿಚಯ ಇತ್ತು. ಇದು ನಮ್ಮ 16 ವಾರದ ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರುವುದಿಲ್ಲ, ರಜೆಯಲ್ಲಿ ನಾನಾಗಿಯೇ ಹೋದದ್ದು. ಉಡುಪಿಯಿಂದ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ಗೋರಖಪುರ, ಆಮೇಲೆ ಸುನೌಲಿ ಗಡಿ ದಾಟಿ ಬಸ್ಸು. ವೀಸಾ ಬೇಡ, ಆದ್ದರಿಂದ ಮನೆಯಲ್ಲೂ ಒಪ್ಪಿದರು.

ನನಗೆ ಏಳನೇ ತರಗತಿಯ ಗಣಿತ ಕೊಟ್ಟರು. ಮೊದಲ ದಿನ ಬೋರ್ಡಿನ ಮೂಲೆಯಲ್ಲಿ ತಾರೀಖು ಬರೆದೆ, 2025 ಅಂತ. ಇಡೀ ಕ್ಲಾಸು ಒಟ್ಟಿಗೆ "ಮಿಸ್, 2082!" ಎಂದಿತು. ಅವರದ್ದು ಬಿಕ್ರಮ್ ಸಂವತ್. ತಾರೀಖಿನಿಂದಲೇ ನಾನು ಅವರಿಂದ ಕಲಿಯುವುದು ಶುರುವಾಯಿತು. ವಾರದ ರಜೆಯೂ ಶನಿವಾರ ಮಾತ್ರ ಇತ್ತು; ಭಾನುವಾರ ಬೆಳಿಗ್ಗೆ ಶಾಲೆಗೆ ಹೊರಡಬೇಕಿತ್ತು. ಗಡಿಯಾರ ನಮಗಿಂತ 15 ನಿಮಿಷ ಮುಂದೆ.

ಅನುಪಾತದ ಪಾಠಕ್ಕೆ ಇಲ್ಲಿಂದಲೇ ಲೆಸನ್ ಪ್ಲಾನ್ ಮಾಡಿಕೊಂಡು ಹೋಗಿದ್ದೆ, ಚಾರ್ಟು ಎಲ್ಲ ಬರೆದು. ಎರಡು ದಿನ ಮಾಡಿದೆ. ಅರ್ಥ ಆಯಿತಾ ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ, ಲೆಕ್ಕ ಕೊಟ್ಟರೆ ಒಬ್ಬರಿಗೂ ಬರುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ಚಾರ್ಟು ಬದಿಗಿಟ್ಟು ದುಡ್ಡಿನಿಂದ ಶುರು ಮಾಡಿದೆ. ನಮ್ಮ 100 ರೂಪಾಯಿಗೆ ಅವರ 160, ಇದು ಅಲ್ಲಿನ ಮಕ್ಕಳಿಗೆ ಬಾಯಿಪಾಠ, ಅಂಗಡಿಯಲ್ಲಿ "ಐಸಿಯಾ, ಎನ್‌ಸಿಯಾ" (ಭಾರತದ ದುಡ್ಡಾ, ನೇಪಾಳದ ದುಡ್ಡಾ) ಎಂದು ಕೇಳಿಯೇ ಬೆಳೆದವರು. 5ಕ್ಕೆ 8 ಅನ್ನುವುದನ್ನು ಅವರೇ ಹೇಳಿದರು. ಆಮೇಲೆ ನಮ್ಮ ಮನೆಯ ಲೆಕ್ಕ ಹೇಳಿದೆ: 800 ಮಲ್ಲಿಗೆ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅವರಲ್ಲಿ ತಿಹಾರ್ ಹಬ್ಬಕ್ಕೆ, ಅಂದರೆ ಅವರ ದೀಪಾವಳಿಗೆ, ಚೆಂಡುಹೂವಿನ ಮಾಲೆ ಕಟ್ಟುತ್ತಾರೆ. ಒಂದು ಮಾಲೆಗೆ ಎಷ್ಟು ಹೂವು ಬೇಕು ಅಂತ ಹುಡುಗಿಯರು ಲೆಕ್ಕ ಹಾಕಲು ಶುರು ಮಾಡಿದರು. ಆ 40 ನಿಮಿಷ ನನ್ನ ಜೀವನದಲ್ಲಿ ಮರೆಯುವಂಥದ್ದಲ್ಲ. ನಮ್ಮೂರ ಶಾಲೆಯಲ್ಲಿ "ಇದು ಮಕ್ಕಳಿಗೆ ಹೇಗೂ ಗೊತ್ತಿರುತ್ತದೆ" ಎಂದು ದಾಟಿ ಹೋಗುತ್ತಿದ್ದ ಜಾಗ ಯಾವುದು ಎಂದು ನನಗೆ ಅಲ್ಲಿ ಗೊತ್ತಾಯಿತು.

ಜೂನ್ 29ಕ್ಕೆ ಅಲ್ಲಿ ಅಸಾರ್ ತಿಂಗಳ 15, ಭತ್ತ ನೆಡುವ ಹಬ್ಬ. ಗದ್ದೆಯಲ್ಲಿ ನಾಟಿ, ಕೆಸರಾಟ, ಮೊಸರು ಅವಲಕ್ಕಿ. ಅದೇ ಹೊತ್ತಿಗೆ ನಮ್ಮಲ್ಲೂ ಏಣೆಲಿಗೆ (ಮಳೆಗಾಲದ ಭತ್ತದ ಬೆಳೆಗೆ) ನೇಜಿ ನೆಡುತ್ತಾರಲ್ಲ. ಕೆಸರಲ್ಲಿ ನಿಂತಾಗ ಊರು ಬಿಟ್ಟು ಬಂದಿದ್ದೇನೆ ಅಂತ ಅನಿಸಲೇ ಇಲ್ಲ. ಮಳೆಗಾಲ ಆದ್ದರಿಂದ ಮಾಛಾಪುಛ್ರೆ ಶಿಖರ ಕಂಡದ್ದು ಮೂರೇ ಬೆಳಿಗ್ಗೆ, ಅಷ್ಟು ಸಾಕು.

ಬಂದಾಗಿನಿಂದ ಒಂದೇ ಯೋಚನೆ. ಬಿ.ಎಡ್. ಮುಗಿದ ಕೂಡಲೇ ಹೊರಗೆ ಹೋಗಿ, ಒಂದೊಂದು ದೇಶದಲ್ಲಿ ಒಂದೊಂದು ವರ್ಷ ಪಾಠ ಮಾಡುತ್ತಾ ಇರಲು ಆಗುತ್ತದಾ? ಅಥವಾ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಬರೆದು ಇಲ್ಲಿ ಸರಕಾರಿ ಕೆಲಸಕ್ಕೆ ಕಾಯುವುದಾ? ಮನೆಯಲ್ಲಿ ಅಮ್ಮ ಒಬ್ಬರೇ, ಅಣ್ಣ ಬೆಂಗಳೂರಲ್ಲಿ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಕೊಡಬೇಕು, ನಾನಿದ್ದರೆ ಎರಡು ಕೈ ಜಾಸ್ತಿ. ಅಮ್ಮ "ಹೋಗು" ಎಂದೇ ಹೇಳುತ್ತಾರೆ. ಆದರೆ ಸೆಪ್ಟೆಂಬರ್‌ನಲ್ಲಿ ಕಾಠ್ಮಂಡುವಿನ ಗಲಾಟೆ ಟಿವಿಯಲ್ಲಿ ಬಂದಾಗ, ನಾನು ಪಕ್ಕದಲ್ಲೇ ಕೂತಿದ್ದರೂ ನನ್ನ ಕೈ ಹಿಡಿದುಕೊಂಡೇ ನೋಡಿದರು.

ಇನ್ನೊಂದು ಸಂಶಯ ಯಾರಿಗೂ ಹೇಳಿಲ್ಲ. ನನಗೆ ಇಷ್ಟ ಆದದ್ದು ಪಾಠವಾ, ತಿರುಗಾಟವಾ? ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಆಗುತ್ತಿಲ್ಲ. ಹೊರಗೆ ಕಲಿಸಿದವರು ಯಾರಾದರೂ ಇದ್ದರೆ ಹೇಳಿ.

ಮೂಲ್ಕಿ ಟೀಚರ್:

ತಂಗಿ, ನಿನ್ನ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಬಾಕಿ ಎಲ್ಲ ಅದರ ಮೇಲೆಯೇ ನಿಂತಿದೆ.

ನಾನು 2016ರಿಂದ 2019ರವರೆಗೆ ಮಾಲ್ಡೀವ್ಸ್‌ನ ಒಂದು ದ್ವೀಪದಲ್ಲಿ ಗಣಿತ ಕಲಿಸಿದೆ. ರೆಸಾರ್ಟ್ ಇರುವ ದ್ವೀಪ ಅಲ್ಲ, ಅಲ್ಲಿನ ಜನ ವಾಸ ಮಾಡುವ ಸಣ್ಣ ದ್ವೀಪ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ 15 ನಿಮಿಷ. ಮೊದಲ ತಿಂಗಳು ನನಗೂ ನಿನ್ನ ಹಾಗೆಯೇ ಇತ್ತು. ದೋಣಿಗೆ ಅಲ್ಲೂ ದೋಣಿ ಎಂದೇ ಹೇಳುತ್ತಾರೆ ಎಂದು ತಿಳಿದು ಎಷ್ಟು ಖುಷಿ ಪಟ್ಟೆ! ಬೆಳಗ್ಗಿನ ತಿಂಡಿಗೆ ಮೀನು, ತೆಂಗಿನಕಾಯಿ ತುರಿ, ಈರುಳ್ಳಿ, ಮೆಣಸು ಕಲಸಿ ರೊಟ್ಟಿ ಜೊತೆ ತಿನ್ನುತ್ತಾರೆ, ಮಾಸ್‌ಹುನಿ ಅಂತ. ಮೂಲ್ಕಿಯವಳಿಗೆ ಬೇರೇನು ಬೇಕು? ಅವರ ದಿವೇಹಿ ಅಕ್ಷರ ಬಲದಿಂದ ಎಡಕ್ಕೆ, ಮಕ್ಕಳೇ ಕೂತು ನನಗೆ ಬರೆಯಲು ಕಲಿಸಿದರು. ಪಾಠ ಎಲ್ಲ ಇಂಗ್ಲಿಷಿನಲ್ಲಿ, ಹತ್ತನೇ ತರಗತಿಗೆ ಕೇಂಬ್ರಿಡ್ಜ್ ಪರೀಕ್ಷೆ.

ಐದನೇ ತಿಂಗಳಿಗೆ ದ್ವೀಪ ಹಳೆಯದಾಯಿತು. ಅದೇ ಸಮುದ್ರ, ಅದೇ 15 ನಿಮಿಷದ ದಾರಿ. ಶುಕ್ರವಾರ ಫೆರ್ರಿಯೂ ಇಲ್ಲ, ರಜೆ ಸಿಕ್ಕಿದ ದಿನವೇ ಎಲ್ಲಿಗೂ ಹೋಗಲು ಆಗುವುದಿಲ್ಲ. ಜೋರು ಗಾಳಿ ಮಳೆಯಲ್ಲಿ ತರಕಾರಿ ಬರುವ ದೋಣಿ ಬಾರದೆ ಒಂದು ವಾರ ಅನ್ನ, ಮೀನು ಮಾತ್ರ. ಆಗ ನನ್ನನ್ನು ಬೆಳಗ್ಗೆ ಎಬ್ಬಿಸಿದ್ದು ಒಂದೇ, ಒಂಬತ್ತನೇ ತರಗತಿಯ ಬೀಜಗಣಿತ. ಒಬ್ಬ ಹುಡುಗನಿಗೆ ಋಣ ಸಂಖ್ಯೆ ಎಂದರೆ ಏನು ಮಾಡಿದರೂ ತಲೆಗೆ ಹೋಗುತ್ತಿರಲಿಲ್ಲ. ಅವನಿಗೆ ಸಮುದ್ರದ ಮಟ್ಟವನ್ನು ಸೊನ್ನೆ ಎಂದು ಹಿಡಿದು, ಮುಳುಗಿದರೆ ಋಣ, ತೆಂಗಿನ ಮರ ಹತ್ತಿದರೆ ಧನ ಎಂದು ಹೇಳಿ ಹೇಳಿ, ಅವನು ಒಂದು ದಿನ ತಾನಾಗಿಯೇ ಲೆಕ್ಕ ಮಾಡಿ ತೋರಿಸಿದ. ಆ ದಿನ ನನಗೆ ಊರಿಗೆ ಓಡಿ ಬರುವ ಆಸೆ ಹೋಯಿತು. ಹಾಗಾಗಿ ನಾಲ್ಕು ವಾರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ತಂಗಿ. ನಾಲ್ಕು ವಾರ ನೀನು ಅವರ ನೆಂಟಳು. ಊರು ಹಳೆಯದಾದ ಮೇಲೂ ಕ್ಲಾಸಿಗೆ ಹೋಗಲು ಮನಸ್ಸಾಗುತ್ತದಾ ಎಂದು ನೋಡಬೇಕು.

ಆದರೆ ನಾನು ಬರೆಯಲು ಕೂತದ್ದು ಬೇರೊಂದು ವಿಷಯಕ್ಕೆ. ಅಲ್ಲಿಗೆ ಹೋದ ಮೊದಲ ದಿನ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು, "ಮಿಸ್, ನೀವು ಯಾವಾಗ ಹೋಗುತ್ತೀರಿ?" ನಾನು ಬಂದು ಒಂದು ಗಂಟೆ ಆಗಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಗೊತ್ತಾಯಿತು, ಹಿಂದಿನ ವರ್ಷ ಆ ಮಕ್ಕಳಿಗೆ ಒಂದೇ ವರ್ಷದಲ್ಲಿ ಮೂವರು ಗಣಿತ ಟೀಚರ್. ಒಬ್ಬರು ಬೇರೆ ದೇಶದಲ್ಲಿ ಕೆಲಸ ಸಿಕ್ಕಿತು ಎಂದು ಮಧ್ಯದಲ್ಲಿ ಹೋದರು, ಇನ್ನೊಬ್ಬರಿಗೆ ದ್ವೀಪ ಹಿಡಿಸಲಿಲ್ಲ. ಅವರ ಕಷ್ಟ ಏನಿತ್ತೋ, ಬಯ್ಯಲು ನಾನು ಯಾರು. ಆದರೆ ಆ ಹುಡುಗಿಯ ನೋಟ್ಸ್ ಪುಸ್ತಕ ನೋಡಿದೆ. ಮೂರು ಬಣ್ಣದ ಶಾಯಿಯ ಸಹಿ, ಮೂರು ಥರ ಕ್ರಮ, ಒಂದೂ ಪೂರ್ತಿ ಆಗಿಲ್ಲ. ತಿರುಗುವ ಆಸೆ ನಮ್ಮದು, ಅದರ ಖರ್ಚು ಮಕ್ಕಳ ತಲೆಗೆ ಬರಬಾರದು. ನೀನು ಎಲ್ಲಿಗೆ ಬೇಕಾದರೂ ಹೋಗು, ಶಾಲೆಯ ವರ್ಷದ ಮೊದಲ ದಿನದಿಂದ ಕೊನೆಯ ದಿನದವರೆಗೆ ಇರುತ್ತೇನೆ ಅಂತ ಮನಸ್ಸಲ್ಲಿ ಗಟ್ಟಿ ಮಾಡಿ ಹೋಗು. ನನ್ನ ಕೇಳಿದರೆ ಒಂದು ಜಾಗದಲ್ಲಿ ಎರಡು ವರ್ಷ. ಮೊದಲ ವರ್ಷ ಪೂರ್ತಿ ನಾವೇ ಕಲಿಯುವುದಕ್ಕೆ ಹೋಗುತ್ತದೆ.

ನಮ್ಮೂರಲ್ಲೇ ನೋಡು, ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಧರ್ಮದ ಕೆಲಸ ಏನೇ ಇರಲಿ, ಶಾಲೆ ನಡೆಸಲು ಕೂತು ತುಳು, ಕನ್ನಡ ಕಲಿತರಲ್ಲ, ಅದು ನಾಲ್ಕು ವಾರದಲ್ಲಿ ಆಗುವ ಕೆಲಸ ಅಲ್ಲ.

ಕದ್ರಿ ಟು ದುಬೈ:

ನಾನು ಎಂಟು ವರ್ಷದಿಂದ ದುಬೈಯಲ್ಲಿ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಇದ್ದೇನೆ. ಮೂಲ್ಕಿ ಟೀಚರ್ ಮನಸ್ಸಿನ ವಿಷಯ ಹೇಳಿದರು, ನಾನು ಕಾಗದದ ವಿಷಯ ಹೇಳುತ್ತೇನೆ. ಇದು ತಪ್ಪಿದರೆ ಎಂತಹ ಆಸೆ ಇದ್ದರೂ ಬಜ್ಪೆ ವಿಮಾನ ನಿಲ್ದಾಣ ದಾಟಲು ಆಗುವುದಿಲ್ಲ.

ಬರೀ ಬಿ.ಎಡ್. ಸರ್ಟಿಫಿಕೇಟು ಹಿಡಿದು ಬಂದರೆ ಸಾಲದು. ಯುಎಇಗೆ ಡಿಗ್ರಿ ಮತ್ತು ಬಿ.ಎಡ್. ಎರಡನ್ನೂ ಮೊದಲು ರಾಜ್ಯದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಕೊನೆಗೆ ಯುಎಇ ರಾಯಭಾರ ಕಚೇರಿಯಲ್ಲಿ ಅಟೆಸ್ಟ್ (ದೃಢೀಕರಣ) ಮಾಡಿಸಬೇಕು. ಕೆಲವು ದೇಶಗಳಿಗೆ ರಾಯಭಾರ ಕಚೇರಿಯ ಬದಲು ಸಚಿವಾಲಯದ ಅಪೊಸ್ಟಿಲ್ ಎಂಬ ಮುದ್ರೆ ಸಾಕಾಗುತ್ತದೆ, ಭಾರತ ಆ ಮುದ್ರೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿ 2005ರಿಂದ ಇದೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಅರ್ಜಿ. ಮಾರ್ಕ್ಸ್ ಕಾರ್ಡಿನಲ್ಲಿ, ಪಾಸ್‌ಪೋರ್ಟಿನಲ್ಲಿ ಹೆಸರು, ಇನಿಶಿಯಲ್ ಒಂದೇ ಥರ ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ನನಗೆ ಈ ಒಂದು ಇನಿಶಿಯಲ್‌ನಿಂದ ನಾಲ್ಕು ತಿಂಗಳು ಹೋಯಿತು.

ಏಜೆಂಟ್ ಬಗ್ಗೆ ದಯವಿಟ್ಟು ಗಮನ ಕೊಡಿ. ನನ್ನ ಮೊದಲ ಪ್ರಯತ್ನದಲ್ಲಿ ಒಬ್ಬ ಏಜೆಂಟ್ ಒಂದು ಲಕ್ಷ ತೆಗೆದುಕೊಂಡು, ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ ಮೇಲೆ ಬದಲಾಯಿಸಿಕೊಳ್ಳಿ ಎಂದ. ಹೋಗಲಿಲ್ಲ, ಆದರೆ ದುಡ್ಡು ವಾಪಸ್ ಬರಲಿಲ್ಲ. ನಮ್ಮ ಅಪ್ಪ ಬಂದರಿನ ದಕ್ಕೆಯಲ್ಲಿ ದುಡಿದ ದುಡ್ಡು ಅದು, ಈಗಲೂ ನೆನೆಸಿದರೆ ಹೊಟ್ಟೆ ಉರಿಯುತ್ತದೆ. ಏಜೆಂಟ್ ಸರಕಾರದಲ್ಲಿ ನೋಂದಣಿ ಆಗಿದ್ದಾನಾ ಎಂದು ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಬಹುದು. ನಿಯಮದ ಪ್ರಕಾರ ಸೇವಾ ಶುಲ್ಕ 30,000 ರೂಪಾಯಿ ಮೀರಬಾರದು, ಜಿಎಸ್‌ಟಿ ಬೇರೆ. ಇದು ನನಗೆ ಆಗ ಯಾರೂ ಹೇಳಲಿಲ್ಲ.

ಮತ್ತೆ ಗಲ್ಫ್‌ನಲ್ಲಿ ಕಲಿಸುವುದು ಎಂದರೆ ಊರು ಸುತ್ತುವುದು ಅಂತ ತಿಳಿಯಬೇಡಿ. ಬೆಳಗ್ಗೆ ಬೇಗ ಶಾಲೆಯ ಬಸ್ಸು, ಮನೆಗೆ ಬಂದು ಪೇಪರ್ ತಿದ್ದುವುದು. ಸುತ್ತಲು ಜುಲೈ, ಆಗಸ್ಟ್ ರಜೆ ಇದೆ, ಆಗ ಎಲ್ಲರೂ ಊರಿಗೇ ಬರುತ್ತೇವೆ. ಇಲ್ಲಿನ ದುಡಿಮೆಯಿಂದ ತಂಗಿಯ ಮದುವೆ ಆಯಿತು, ಮನೆಗೆ ಹೊಸ ಮಾಡು (ಛಾವಣಿ) ಆಯಿತು. ನಾನು ಬಂದದ್ದೇ ಅದಕ್ಕೆ, ಅದರಲ್ಲಿ ನನಗೆ ಸಮಾಧಾನ ಇದೆ. ನಿಮಗೆ ಏನು ಬೇಕು ಅಂತ ಮೊದಲೇ ಗೊತ್ತಿರಲಿ.

ನಿಮ್ಮದು ಗಣಿತ ಆದ್ದರಿಂದ ಇನ್ನೊಂದು ಹೇಳುತ್ತೇನೆ. 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ ಶಿಕ್ಷಕರು ಇಂಗ್ಲೆಂಡಿನಲ್ಲಿ ಶಿಕ್ಷಕರಾಗಲು ಬೇಕಾದ ಕ್ಯೂಟಿಎಸ್ ಅರ್ಹತೆಗೆ ನೇರ ಅರ್ಜಿ ಹಾಕಬಹುದು, 11ರಿಂದ 16 ವಯಸ್ಸಿನ ಮಕ್ಕಳಿಗೆ ಕಲಿಸುವವರು. ಅದಕ್ಕೂ ಬಿ.ಎಡ್. ಆದ ಮೇಲೆ ಕನಿಷ್ಠ ಒಂದು ವರ್ಷ ಪಾಠ ಮಾಡಿದ ಅನುಭವ ಬೇಕು. ಎಲ್ಲಿ ಕೇಳಿದರೂ ಅನುಭವ ಎಷ್ಟು ಅಂತಲೇ ಕೇಳುತ್ತಾರೆ. ಮೊದಲ ವರ್ಷ ಊರಲ್ಲಿ ಮಾಡಿದರೆ ಯಾವ ನಷ್ಟವೂ ಇಲ್ಲ.

ಬೈಂದೂರು ಮೇಷ್ಟ್ರು:

ನಾನು ಸರಕಾರಿ ಶಾಲೆಯ ಮೇಷ್ಟ್ರು, ಹೊರದೇಶ ನೋಡಿದವನಲ್ಲ. ಆದರೆ ನೀವು ಎರಡೇ ದಾರಿ ಇದೆ ಎಂದು ತಿಳಿದುಕೊಂಡಿದ್ದೀರಿ, ಮೂರನೆಯದ್ದೂ ಉಂಟು.

ಕೇಂದ್ರೀಯ ವಿದ್ಯಾಲಯಕ್ಕೆ ಸೇರಿದರೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ವರ್ಗ ಆಗಬಹುದು. ಪಣಂಬೂರಿನಲ್ಲಿ ಇದ್ದವರು ಅಸ್ಸಾಮಿಗೆ ಹೋಗುತ್ತಾರೆ, ಲೇಹ್‌ಗೂ ಹೋಗುತ್ತಾರೆ. ಹೊರದೇಶದಲ್ಲೂ ಮೂರು ಕೇಂದ್ರೀಯ ವಿದ್ಯಾಲಯಗಳಿವೆ: ಮಾಸ್ಕೋ, ಟೆಹರಾನ್, ಮತ್ತೆ ನಿಮ್ಮ ಕಾಠ್ಮಂಡು. ಅಲ್ಲಿಗೆ ಇಲ್ಲಿನ ಶಿಕ್ಷಕರನ್ನೇ ಆರಿಸಿ ಕಳಿಸುತ್ತಾರೆ. ಮುಡಿಪುವಿನಲ್ಲಿ ಇರುವಂಥ ನವೋದಯ ಶಾಲೆ ಗೊತ್ತಲ್ಲ, ಅಲ್ಲಿ ಒಂಬತ್ತನೇ ತರಗತಿಯಲ್ಲಿ ಕೆಲವು ಮಕ್ಕಳನ್ನು ಒಂದು ವರ್ಷಕ್ಕೆ ಹಿಂದಿ ರಾಜ್ಯಕ್ಕೆ ಕಳಿಸಿ, ಅಲ್ಲಿನವರನ್ನು ಇಲ್ಲಿಗೆ ತರುತ್ತಾರೆ. ಭಾಷೆ ಬಾರದ ಮಕ್ಕಳಿಗೆ ಮಲ್ಲಿಗೆಯ ಲೆಕ್ಕ ಹೇಳಿ ಅನುಪಾತ ಕಲಿಸಿದವರಿಗೆ ಇಂಥ ಕ್ಲಾಸು ಹೊಸತಲ್ಲ.

ಇದಕ್ಕೆ ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿ, ಎರಡನೇ ಪೇಪರ್ ಬೇಕು. ಟಿಇಟಿ ಪಾಸಾದರೆ ಮೊದಲು ಏಳು ವರ್ಷ ಮಾತ್ರ ಲೆಕ್ಕ ಇತ್ತು, 2021ರಲ್ಲಿ ಅದನ್ನು ಜೀವನಪೂರ್ತಿ ಮಾಡಿದ್ದಾರೆ. ಹಾಗಾಗಿ ಓದು ಬಿಸಿ ಇರುವಾಗಲೇ ರಾಜ್ಯದ್ದನ್ನೂ ಕೇಂದ್ರದ್ದನ್ನೂ ಬರೆದು ಇಟ್ಟುಕೊಳ್ಳಿ, ಆಮೇಲೆ ಎಲ್ಲಿಗಾದರೂ ಹೋಗಿ. ಸರಕಾರಿ ನೇಮಕಾತಿಗೆ ವಯಸ್ಸಿನ ಮಿತಿ ಇರುತ್ತದೆ ಅನ್ನುವುದು ಮಾತ್ರ ಮರೆಯಬೇಡಿ.

ಒಂದು ಮಾತು ಹೇಳದೆ ಇರಲು ಆಗುವುದಿಲ್ಲ. ನಮ್ಮ ಶಾಲೆಯಲ್ಲಿ ಈಗ ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಹೋದ ವರ್ಷ ಬಂದ ಒಬ್ಬ ಹುಡುಗ, ನಾವು ಕೋಣೆ ಎಂದರೆ ಅವನು ಖೋಲಿ ಎನ್ನುತ್ತಾನೆ, ನಮ್ಮ ಕುಂದಾಪ್ರ ಕನ್ನಡ ಕೇಳಿ ತಬ್ಬಿಬ್ಬಾಗಿ ಮೂರು ತಿಂಗಳು ಬಾಯಿ ಬಿಡಲಿಲ್ಲ. ಅವರದ್ದೂ ತಿರುಗಾಟವೇ, ಅವರು ಕೇಳಿ ಪಡೆದದ್ದಲ್ಲ. ನಿಮ್ಮ ಇಂಟರ್ನ್‌ಶಿಪ್ಪಿಗೆ ಸಿಗುವ ಶಾಲೆಯಲ್ಲೂ ಇಂಥವರು ಇರುತ್ತಾರೆ. ಪೋಖರಾದಲ್ಲಿ ಕಲಿತದ್ದನ್ನು ಮೊದಲು ಅವರ ಹತ್ತಿರ ಮಾಡಿ ನೋಡಿ.

ಪಾಂಗಾಳದಮ್ಮ:

ನಾನು ಟೀಚರ್ ಅಲ್ಲ. ನನ್ನ ಮಗಳು ನರ್ಸ್ ಆಗಿ ಹೊರಗೆ ಹೋಗಿ ಆರು ವರ್ಷ ಆಯಿತು. ನಿನ್ನ ಅಮ್ಮ "ಹೋಗು" ಎಂದರೆ ಅದು ನಿಜವಾಗಿ ಹೋಗು ಎಂದೇ ಮಗಾ, ಅದರಲ್ಲಿ ಬೇರೆ ಅರ್ಥ ಹುಡುಕಬೇಡ. ಹೆದರಿಕೆಯೂ ನಿಜ, ಎರಡೂ ಒಟ್ಟಿಗೆ ಇರುತ್ತವೆ. ನನಗೆ ಬೇಕಾದದ್ದು ಎರಡೇ ಇತ್ತು. ದಿನಾ ಒಂದು ಫೋನು, ಎರಡು ನಿಮಿಷ ಆದರೂ ಸಾಕು. ಮತ್ತೆ ಅವಳು ಯಾವಾಗ ಬರುತ್ತಾಳೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಒಂದು ತಾರೀಖು. "ನೋಡುವ ಅಮ್ಮ" ಎಂದರೆ ಸಂಕಟ ಆಗುತ್ತದೆ, "ಮೇ 12ಕ್ಕೆ" ಎಂದರೆ ದಿನ ಓಡುತ್ತದೆ. ಮೊಗ್ಗು ಕೊಯ್ಯಲು ನೆರೆಮನೆಯವರ ಹತ್ತಿರ ಈಗಲೇ ಮಾತಾಡಿ ಇಡು, ಅಮ್ಮ ತಾನಾಗಿ ಕೇಳುವವರಲ್ಲ.

ಮಲ್ಲಿಗೆ ಅಟ್ಟೆ:

ಎಲ್ಲರಿಗೂ ಕೈಮುಗಿಯುತ್ತೇನೆ. ಪಾಂಗಾಳದಮ್ಮ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಏನೂ ಹೇಳಲಿಲ್ಲ, ಹೂವು ಕಟ್ಟುತ್ತಾ ಇದ್ದವರು ಬಾಳೆನಾರು ಕೆಳಗಿಟ್ಟು "ಇನ್ನೊಮ್ಮೆ ಓದು" ಎಂದರು.

ಮೂಲ್ಕಿ ಅಕ್ಕ, "ನೀವು ಯಾವಾಗ ಹೋಗುತ್ತೀರಿ" ಅನ್ನುವುದನ್ನು ಓದಿ ನನಗೆ ಎದೆ ಧಸಕ್ಕೆಂದಿತು, ಯಾಕೆಂದರೆ ಪೋಖರಾದಲ್ಲಿ ನಾನು ಹೊರಡುವ ಹಿಂದಿನ ದಿನ ಶೇಕಡಾವಾರು ಪಾಠ ಶುರು ಮಾಡಿದ್ದೆ, ಮಕ್ಕಳು ಖುಷಿಯಲ್ಲಿದ್ದಾರೆ ಅಂತ. ಅದನ್ನು ಮುಗಿಸಿದ್ದು ಯಾರು, ಹೇಗೆ ಅಂತ ನಾನು ಇವತ್ತಿನವರೆಗೆ ಕೇಳಿಯೇ ಇಲ್ಲ. ಇವತ್ತು ಅಲ್ಲಿನ ಗಣಿತ ಸರ್‌ಗೆ ಮೆಸೇಜ್ ಹಾಕಿದೆ. ಅವರೇ ಮೊದಲಿನಿಂದ ಮತ್ತೆ ಮಾಡಿದರಂತೆ.

ಈಗ ನಿಶ್ಚಯ ಮಾಡಿದ್ದು ಇಷ್ಟು. ಇಂಟರ್ನ್‌ಶಿಪ್ ಪೂರ್ತಿ ಮನಸ್ಸಿಟ್ಟು ಮಾಡುವುದು. ಟಿಇಟಿ, ಸಿಟಿಇಟಿ ಎರಡೂ ಬರೆಯುವುದು. ಬಿ.ಎಡ್. ಆದ ಮೇಲೆ ಮೊದಲ ವರ್ಷ ಇಲ್ಲೇ ಯಾವುದಾದರೂ ಶಾಲೆಯಲ್ಲಿ, ಜೂನ್‌ನಿಂದ ಏಪ್ರಿಲ್‌ವರೆಗೆ, ಒಂದೇ ಕ್ಲಾಸಿನ ಮಕ್ಕಳನ್ನು ಬಿಡದೆ. ಆಗಲೂ ಹೊರಗೆ ಹೋಗುವ ಆಸೆ ಹೀಗೆಯೇ ಇದ್ದರೆ ಅರ್ಜಿ ಹಾಕುತ್ತೇನೆ. ಕಾಠ್ಮಂಡುವಿನ ಕೇಂದ್ರೀಯ ವಿದ್ಯಾಲಯದ ಮಾತು ನನಗೆ ಗೊತ್ತೇ ಇರಲಿಲ್ಲ ಮೇಷ್ಟ್ರೇ, ಅದು ತಲೆಯಲ್ಲಿ ಕೂತುಬಿಟ್ಟಿದೆ. ಪಾಸ್‌ಪೋರ್ಟ್ ತೆಗೆದು ನೋಡಿದೆ, ಡಿಗ್ರಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಹಿಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ನಾಳೆಯೇ ಕಾಲೇಜು ಆಫೀಸಿನಲ್ಲಿ ಕೇಳುತ್ತೇನೆ.

ಅಕ್ಕ, ಒಂದು ಕೇಳಲಾ? ಋಣ ಸಂಖ್ಯೆಯನ್ನು ಸಮುದ್ರದ ಮಟ್ಟದಿಂದ ಹೇಳಿದಿರಿ, ಕೂಡುವುದು ಕಳೆಯುವುದು ಸರಿ. ಋಣವನ್ನು ಋಣದಿಂದ ಗುಣಿಸಿದರೆ ಧನ ಅನ್ನುವುದನ್ನು ಆ ಹುಡುಗನಿಗೆ ಹೇಗೆ ಹೇಳಿದಿರಿ? ನನಗೆ ಅದು ಇಲ್ಲೂ ಕಷ್ಟ, ಅಲ್ಲೂ ಕಷ್ಟ ಆಯಿತು.

ಮೂಲ್ಕಿ ಟೀಚರ್:

ದೋಣಿಯಿಂದಲೇ ಹೇಳಿದೆ. ದೋಣಿ ಗಂಟೆಗೆ 5 ಮೈಲು ಪಶ್ಚಿಮಕ್ಕೆ ಹೋಗುತ್ತಿದೆ, ಪಶ್ಚಿಮ ಋಣ. ಈಗ ದಕ್ಕೆಯಲ್ಲಿದೆ, ದಕ್ಕೆ ಸೊನ್ನೆ. ಎರಡು ಗಂಟೆ ಹಿಂದೆ ಎಲ್ಲಿತ್ತು? ಹಿಂದಿನ ಗಂಟೆಯೂ ಋಣ. ಹುಡುಗ ಬೆರಳಿನಿಂದ ಮೇಜಿನ ಮೇಲೆ ದೋಣಿಯನ್ನು ಹಿಂದಕ್ಕೆ ಎಳೆದ, ಪೂರ್ವಕ್ಕೆ 10 ಮೈಲಿನಲ್ಲಿ ನಿಂತಿತು. ಧನ 10. ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ದೋಣಿಯನ್ನು ಅವರ ಕೈಯಲ್ಲೇ ಎಳೆಸಬೇಕು. ಕಾಗದದ ದೋಣಿ ಸಾಕು.

ಬಾಕಿ ಇದ್ದರೆ ಮೂಲ್ಕಿಗೆ ಬಾ, ಭಾನುವಾರ ಮನೆಯಲ್ಲೇ ಇರುತ್ತೇನೆ. ಬರುವಾಗ ಒಂದು ಚೆಂಡು ಮಲ್ಲಿಗೆ ತಾ, ಕಟ್ಟೆಯ ರೇಟೇ ಕೊಡುತ್ತೇನೆ, ಬೇಡ ಎನ್ನಬಾರದು.